ಬಿಲ್ಲು ಸೊನ್ನೆಗಿಂತ ಕೆಳಗೆ ಇಳಿಯುತ್ತಾ?

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಫ್ರೀ ಕರೆಂಟ್ ಬಂದ ಮೇಲೆ ಜನ ಎರಡೇ ಜಾತಿ. 187 ಯೂನಿಟ್ಟಿನವರು, 66 ಯೂನಿಟ್ಟಿನವರು. ನಾನು ಎರಡನೇ ಜಾತಿ. ತಪ್ಪು ನನ್ನದೇ.

2019ರಲ್ಲಿ ನನಗೆ ಕರೆಂಟ್ ಉಳಿಸುವ ಹುಚ್ಚು ಹಿಡಿಯಿತು. ಎರಡು ಹಳೇ ಫ್ಯಾನ್ ಇಳಿಸಿ ಕಮ್ಮಿ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ. ಹಳೆಯದು 75 ವಾಟ್ ತಿನ್ನುತ್ತಿತ್ತು, ಹೊಸದಕ್ಕೆ 30 ಸಾಕು. ದಿನಕ್ಕೆ ಹತ್ತು ಗಂಟೆ ತಿರುಗಿದರೂ ಒಂದೊಂದು ಫ್ಯಾನಿನಿಂದ ತಿಂಗಳಿಗೆ ಹದಿಮೂರೂವರೆ ಯೂನಿಟ್ ಮಿಗುತ್ತದೆ. 60 ವಾಟಿನ ಬಲ್ಬುಗಳು ಹೋಗಿ 9 ವಾಟಿನ ಎಲ್‌ಇಡಿ ಬಂದವು. ತಾರಸಿ ಮೇಲೆ ನೀರು ಕಾಯಿಸುವ ಸೋಲಾರ್ ಕೂತಿತು. ಫ್ಯಾನಿನ ಬೆಲೆ ಕೇಳಿ ನನ್ನಾಕೆ, "ಆ ದುಡ್ಡಿಗೆ ಮಾಮೂಲಿ ಫ್ಯಾನ್ ಎರಡು ಬರ್ತಿತ್ತು" ಅಂದಳು. "ಬಿಲ್ಲಲ್ಲಿ ವಾಪಸ್ ಬರುತ್ತೆ, ನೋಡ್ತಿರು" ಅಂದೆ. ಇನ್ನೂ ನೋಡ್ತಾ ಇದ್ದಾಳೆ.

ಎದುರುಮನೆ ಯಜಮಾನರಿಗೆ ಈ ಹುಚ್ಚು ಅಂಟಲಿಲ್ಲ. ಅವರ 2000 ವಾಟಿನ ಗೀಸರ್ ಬೆಳಿಗ್ಗೆ ಆರಕ್ಕೆ ಹತ್ತಿದರೆ, ಸ್ನಾನಕ್ಕೆ ಜನ ಏಳುವುದು ಎಂಟಕ್ಕೆ. ಹಿತ್ತಿಲ ಬಲ್ಬು ಸೂರ್ಯನಿಗೆ ಪೈಪೋಟಿ ಕೊಡುತ್ತಿತ್ತು. ಅವರ ಫ್ರಿಜ್ಜು ಗುರ್ ಅಂದರೆ ನಮ್ಮ ಪಡಸಾಲೆಗೆ ಕೇಳಿಸುತ್ತಿತ್ತು.

ಅಷ್ಟರಲ್ಲಿ 2023 ಬಂತು. ಗೃಹಜ್ಯೋತಿ ಬಂತು. 200 ಯೂನಿಟ್ ಫ್ರೀ ಅಂತ ಬೀದಿಯೆಲ್ಲ ಕುಣಿಯಿತು. ನಾನೂ ಕುಣಿದೆ. ಆಮೇಲೆ ಲೆಕ್ಕ ಗೊತ್ತಾಯಿತು. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅಷ್ಟು, ಅದರ ಮೇಲೆ ಶೇಕಡ 10. ನಿಮ್ಮ ಪಾಲು ಇಷ್ಟೇ. ನನ್ನ ಸರಾಸರಿ 60, ಹಾಗಾಗಿ 66. ಎದುರುಮನೆಯದು 170, ಹಾಗಾಗಿ 187.

ಮದುವೆ ಊಟ ನೆನೆಸಿಕೊಳ್ಳಿ. ಹೋದ ಸಲ ಎರಡು ಹೋಳಿಗೆ ತಿಂದವನಿಗೆ ಈ ಸಲವೂ ಎರಡೇ. ಎಂಟು ಹಾಕಿಸಿಕೊಂಡು ನಾಲ್ಕು ಎಲೆಯಲ್ಲಿ ಬಿಟ್ಟವನಿಗೆ ಮತ್ತೆ ಎಂಟು, ಮೇಲೊಂದಿಷ್ಟು ಕೊಸರು. ಬಡವರ ಮನೆಗೆ ಈ ಯೋಜನೆಯಿಂದ ಒಳ್ಳೆಯದಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಹೊಟ್ಟೆ ಉರಿ ಎದುರುಮನೆ ಮೇಲೆ ಮಾತ್ರ. (ನಮ್ಮ ಅರಮನೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಅದಕ್ಕೂ ಇದೇ ಲೆಕ್ಕ ಹಾಕಿದ್ದರೆ ಕೊಸರಿನಲ್ಲೇ ಒಂದು ಊರು ಬೆಳಗುತ್ತಿತ್ತು.)

ಹೋದ ವರ್ಷ ಅವರ ಫ್ರಿಜ್ಜು ಕೊನೆಯ ಗುರ್ ಅಂದಿತು. ಸಲಹೆಗೆ ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದರು. ನನಗೆ ಖುಷಿಯೋ ಖುಷಿ. ಬಾಗಿಲ ಮೇಲೆ ಕರೆಂಟ್ ಉಳಿತಾಯಕ್ಕೆ ಸ್ಟಾರ್ ಕೊಡುವ ಬಿಇಇ ಸ್ಟಿಕರಿನ ಮುಂದೆ ಬಗ್ಗಿ ನಿಂತು ಪಾಠ ಶುರು ಮಾಡಿದೆ. ಸ್ಟಾರ್ ಎಣಿಸಿದರೆ ಸಾಲದು, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಕೆಳಗಿದೆ, ಅದನ್ನು ನೋಡಬೇಕು. ಒಂದೇ ಅಳತೆಯ ಫ್ರಿಜ್ಜುಗಳನ್ನೇ ಹೋಲಿಸಬೇಕು. ಲೇಬಲಿನ ವರ್ಷವನ್ನೂ ನೋಡಬೇಕು, ಯಾಕಂದರೆ ಆಗಾಗ ಸ್ಟಾರಿನ ಮಾನದಂಡ ಬಿಗಿ ಮಾಡುತ್ತಾರೆ, ಅಂದಿನ ಐದು ಸ್ಟಾರ್ ಇಂದು ಮೂರಕ್ಕೂ ಇಳಿದಿರಬಹುದು. ವರ್ಷದ ಮೇಲೆ ಸರಿಯಾಗಿ ಆಫರ್ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆಯುತ್ತಿದ್ದೆ, ಅಂಗಡಿ ಹುಡುಗ ನನ್ನ ಬೆರಳನ್ನೇ ನೋಡುತ್ತಿದ್ದ.

ಯಜಮಾನರು ಎಲ್ಲ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ ಕೇಳಿದರು: "ಈಗ ನನ್ನ ಬಿಲ್ಲು ಸೊನ್ನೆ. ಐದು ಸ್ಟಾರ್ ತಗೊಂಡ್ರೆ ಸೊನ್ನೆಗಿಂತ ಕೆಳಗೆ ಇಳಿಯುತ್ತಾ?"

ಹುಡುಗ ನನ್ನ ಮುಖ ನೋಡಿದ. ನಾನು ಸ್ಟಿಕರಿನ ಮುಖ ನೋಡಿದೆ. ಅದರಲ್ಲಿ ಉತ್ತರ ಇರಲಿಲ್ಲ.

ಎರಡು ಸ್ಟಾರಿನದನ್ನೇ ತಗೊಂಡರು. ಬಾಗಿಲ ತುಂಬ ಕೆಂಪು ಹೂವಿದ್ದವು. "ಸ್ಟಾರ್ ಕಮ್ಮಿ ಆದ್ರೇನು, ಹೂವು ಜಾಸ್ತಿ ಅಲ್ವಾ" ಅಂದರು ಅವರ ಮನೆಯವರು.

ಈಗ ತಿಂಗಳ ಕೊನೆಗೆ ಬೀದಿಯಲ್ಲಿ ತಮಾಷೆ ನೋಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ಲ, ಅದಕ್ಕೆ ಕೆಲವರು ಟಾರ್ಚ್ ಹಿಡಿದು ಮೀಟರ್ ಮುಂದೆ ಮಂಗಳಾರತಿ ಮಾಡುತ್ತಾರೆ. ಯಜಮಾನರದ್ದು ಉಲ್ಟಾ ಚಿಂತೆ. 187ರಲ್ಲಿ ಇಪ್ಪತ್ತು ಮಿಕ್ಕಿದೆ, ಮುಂದಿನ ತಿಂಗಳಿಗೆ ಹೋಗಲ್ಲ, ಸುಮ್ನೆ ಹಾಳಾಗುತ್ತೆ! ಆಗ ಮನೆಯ ಪರದೆ, ದಿಂಬಿನ ಚೀಲಕ್ಕೆಲ್ಲ ಇಸ್ತ್ರಿ.

ದಸರೆಗೆ ಮಂಡ್ಯದಿಂದ ನಮ್ಮ ಭಾವಮೈದನ ಸಂಸಾರ ಬಂತು. ನಾಲ್ಕು ದಿನ ಎಲ್ಲ ಫ್ಯಾನೂ ತಿರುಗಿತು. ಮೋಡ ಬೇರೆ, ಸೋಲಾರ್ ಕೈಕೊಟ್ಟು ಹೀಟರ್ ಹಾಕಿದೆವು. ಮೀಟರ್ 66 ದಾಟಿ 79ಕ್ಕೆ ಬಂತು. ಹದಿಮೂರು ಯೂನಿಟ್ಟಿನ ಬಿಲ್ಲು ಹಿಡಿದು ನಾನು ಜಗಲಿಯಲ್ಲಿ ಕೂತಿದ್ದೆ.

ಯಜಮಾನರು ಬಂದು ಬಗ್ಗಿ ನೋಡಿದರು. "ಅಯ್ಯೋ, ಮೊದ್ಲೇ ಹೇಳಬಾರದಿತ್ತಾ? ನಿಮ್ಮನೆ ಬಟ್ಟೆ ಎಲ್ಲ ಕೊಟ್ಟುಬಿಡಿ, ನಮ್ಮಲ್ಲಿ ಇಸ್ತ್ರಿ ಮಾಡ್ಕೊಡ್ತೀವಿ. ದೋಸೆಗೆ ರುಬ್ಬೋದಿದ್ರೂ ಕಳಿಸಿ."

ಎರಡು ನಿಮಿಷ ಮಾನ ಮರ್ಯಾದೆ ಅಂತ ಯೋಚಿಸಿದೆ. ಆಮೇಲೆ ಒಳಗೆ ಹೋಗಿ ಅಂಗಿಗಳ ಗಂಟು ಕಟ್ಟಿದೆ. ಮೇಲೆ ನೆನೆದ ಅಕ್ಕಿ ಪಾತ್ರೆ ಇಟ್ಟು ಕೈಗೆ ಕೊಟ್ಟಳು ನನ್ನಾಕೆ. ಈಗಲೂ ಅವಳು ನೋಡ್ತಾನೇ ಇದ್ದಳು.