ಪದ ಹಾಕ್ತೀವಿ, ಪರಿಹಾರದ ಮಾತು ಬೇಡ ಅಂದ್ರು

ಹೋದ ಅವರೆಕಾಯಿ ಕಾಲದಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ತವರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರು. ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದರು, ನಾನು ಫೋನನ್ನು ಪಕ್ಕದ ಮಣೆ ಮೇಲಿಟ್ಟು ರೆಕಾರ್ಡ್ ಒತ್ತಿ, ರಾಗಿ ಬೀಸೋ ಪದ ಹೇಳಿ ದೊಡ್ಡಮ್ಮ ಅಂದೆ. ಹೇಳಿದರು. ಎರಡು ಪದ ಆಯ್ತು. ಮೂರನೆಯದು ಅರ್ಧಕ್ಕೆ ಬಂದಾಗ ನಿಲ್ಲಿಸಿ, ಇದನ್ನ ನಮ್ಮವ್ವ ಯಾವ ಜಗಲಿ ಮೇಲೆ ಕೂತು ಹೇಳ್ತಿದ್ದಳು ಅಂತ ಶುರು ಮಾಡಿದರು. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಹೊಲಕ್ಕೆ, ಹೊಲದಿಂದ ಸರ್ವೆಯವರು ಬಂದ ದಿನಕ್ಕೆ ಹೋದರು. "ಕಲ್ಲು ನೆಟ್ರು, ಹೋದ್ರು. ಆಮೇಲೆ ನಮ್ಮಪ್ಪ ಆ ಪರಿಹಾರದ ದುಡ್ಡಿಗೋಸ್ಕರ ಅಲೆದೂ ಅಲೆದೂ ಸತ್ತ ಕಣ್ಮಗ" ಅಂದರು. ಅಲ್ಲಿಯವರೆಗೂ ಕಾಳು ಸ್ಟೀಲ್ ಪಾತ್ರೆಗೆ ಟಪ್ ಟಪ್ ಅಂತ ಬೀಳೋದು ರೆಕಾರ್ಡಿಂಗಿನಲ್ಲಿ ಕೇಳುತ್ತೆ. ಆ ಮಾತಿನ ಹತ್ತಿರ ನಿಂತು ಹೋಗುತ್ತೆ.

ಬೇರೆ ಜಿಲ್ಲೆಯ ಒಂದು ಸಮುದಾಯ ಬಾನುಲಿಯಲ್ಲಿ, ಅಂದರೆ ಸುತ್ತಲಿನ ಊರಿನವರಿಗಾಗಿ ನಡೆಸುವ ಸಣ್ಣ ರೇಡಿಯೋ ಕೇಂದ್ರದಲ್ಲಿ, ಕೆಲಸ ಮಾಡುವ ಪರಿಚಯದ ಹುಡುಗನಿಗೆ ಅದನ್ನು ಕಳಿಸಿದೆ. ತುಂಬಾ ಇಷ್ಟಪಟ್ಟ. ಆದರೆ, "ಅಣ್ಣಾ, ಪದ ಹಾಕ್ತೀವಿ, ಪರಿಹಾರದ ಮಾತು ಬೇಡ. ಅದು ರಾಜಕೀಯ ಆಗುತ್ತೆ, ಲೈಸೆನ್ಸ್‌ಗೆ ತೊಂದರೆ" ಅಂದ. ಅವನ ಮೇಲೆ ನನಗೆ ಸ್ವಲ್ಪವೂ ಕೋಪ ಇಲ್ಲ. ನಿಯಮ ಇರೋದೇ ಹಾಗೆ. 2006ರಲ್ಲಿ ಸರ್ಕಾರ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಾಗಲೇ, ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯದ ಕಾರ್ಯಕ್ರಮ ಮಾಡಬಾರದು ಅಂತ ಬರೆದಿಟ್ಟಿತು. ಆಮೇಲೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಲು ಬಿಟ್ಟರು. ಹವಾಮಾನ ಹೇಳಬಹುದು. ನೀರು, ಕರೆಂಟಿನ ಪ್ರಕಟಣೆ ಕೊಡಬಹುದು. ನಮ್ಮ ಬೀದಿಗೆ ಎಂಟು ದಿನದಿಂದ ನೀರು ಯಾಕೆ ಬಂದಿಲ್ಲ ಅಂತ ಪಂಚಾಯ್ತಿ ಮೆಂಬರನ್ನು ಕೂರಿಸಿಕೊಂಡು ಕೇಳೋಕೆ ಮಾತ್ರ ಹಿಂದೆಮುಂದೆ ನೋಡಬೇಕು.

ನನಗೆ ಇದು ಒಪ್ಪಿಗೆಯಾಗಲ್ಲ. ದೊಡ್ಡಮ್ಮನ ಪದ ಒಂದು ಕಡೆ, ಅವರಪ್ಪನ ಅಲೆದಾಟ ಇನ್ನೊಂದು ಕಡೆ ಅಂತ ಕತ್ತರಿಸೋಕೆ ಆಗುತ್ತಾ? ಅವರು ಒಂದೇ ಉಸಿರಲ್ಲಿ ಹೇಳಿದ್ದು ಅದು.

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚನ್ನೇ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಮಳೆಗಾಲ ಬಂತೆಂದರೆ ಅರ್ಧ ಮುಳುಗುತ್ತೆ. ಎಲ್ಲೆಲ್ಲಿಂದಲೋ ಬಂದು ಫೋಟೊ ತೆಗೆಸಿಕೊಂಡು ಹೋಗ್ತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಪೂಜೆಗೆ ಹೋಗುತ್ತಿದ್ದವರು ಎಲ್ಲಿಗೆ ಹೋದರು, ಸುತ್ತಲಿನ ಹಳ್ಳಿಯವರಿಗೆ ಬದಲಿಗೆ ಎಂಥಾ ಜಮೀನು ಸಿಕ್ಕಿತು, ಹೇಮಾವತಿ ನೀರು ನಾಲೆಯಲ್ಲಿ ತುಮಕೂರಿನವರೆಗೂ ಹೋಗುವಾಗ ಊರು ಬಿಟ್ಟವರ ಹೊಲಕ್ಕೆ ಎಷ್ಟು ಬಂತು? ಇದನ್ನು ಒಂದು ಗಂಟೆ ಕೂತು ಮಾತಾಡಿದರೆ ಅದು ಚರಿತ್ರೆಯ ಕಾರ್ಯಕ್ರಮವೋ, ನ್ಯಾಯದ್ದೋ, ರಾಜಕೀಯದ್ದೋ? ಬೇಲೂರಿನ ಮದನಿಕೆಯರ ಪೀಠದಲ್ಲಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಅಷ್ಟು ದೊಡ್ಡ ಕೆಲಸ ಮಾಡಿದವರು ಯಾರು, ಹೇಗೆ ಬದುಕಿದರು ಅಂತ ಕೇಳುವಾಗಲೂ ಬರೀ ಕಲೆಯ ಮಾತಿನಲ್ಲಿ ನಿಲ್ಲೋಕಾಗಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ನಮ್ಮ ಹಾಸನದ ಬಾನು ಮುಷ್ತಾಕ್ ಅವರು ವಕೀಲರೂ ಹೌದು, ಕಥೆಗಾರ್ತಿಯೂ ಹೌದು. ಅವರನ್ನು ಕರೆಸಿ, ಕಥೆ ಬಗ್ಗೆ ಮಾತ್ರ ಮಾತಾಡಿ, ಕೋರ್ಟಿನ ವಿಷಯ ಬೇಡ ಮೇಡಂ ಅನ್ನೋಕಾಗುತ್ತಾ?

ನಮ್ಮ ಕಡೆಯವರಿಗೆ ರೇಡಿಯೋ ಹೊಸದಲ್ಲ. ಆಕಾಶವಾಣಿ ಅನ್ನೋ ಹೆಸರೇ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ಕೇಂದ್ರದ್ದು. ಕೋಲಾರದ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಸಿಗದ ಕಾಲದಲ್ಲಿ ಕೇಬಲ್ ಎಳೆದು ಮನೆಮನೆಗೆ ಕೇಳಿಸಿದರು. ತೆಲಂಗಾಣದ ಜಹೀರಾಬಾದ್ ಹತ್ತಿರ ದಲಿತ ಹೆಣ್ಣುಮಕ್ಕಳು 2008ರಿಂದ ಸಂಘಂ ರೇಡಿಯೋ ನಡೆಸುತ್ತಿದ್ದಾರೆ, ಬಿತ್ತನೆ ಬೀಜದ ಮಾತು, ಹಾಡು ಎಲ್ಲ ಅವರದ್ದೇ. ಅಮೆರಿಕದ ಬರ್ಕ್ಲಿಯಲ್ಲಿ ಕೆಪಿಎಫ್ಎ ಅಂತ ಒಂದು ಕೇಂದ್ರ ಇದೆ, ಶುರುವಾಗಿದ್ದು 1949ರಲ್ಲಿ, ಕೇಳುಗರು ಕೊಡೋ ದುಡ್ಡಿನಲ್ಲಿ. ಅಲ್ಲಿ ಯುದ್ಧದ ಬಗ್ಗೆ ವಾದವೂ ನಡೆಯುತ್ತೆ, ಕವಿತೆಯೂ ಓದುತ್ತಾರೆ. ಯಾರೂ ಎರಡನ್ನೂ ಬೇರೆ ಮಾಡಿ ಅನ್ನಲ್ಲ.

ಮೈಕ್ ಕೊಟ್ಟರೆ ಪಕ್ಷದವರು, ಜಾತಿ ಮುಖಂಡರು ಕಿತ್ತುಕೊಳ್ತಾರೆ ಅಂತ ಕೆಲವರು ಹೇಳ್ತಾರೆ. ಭಯ ಸುಳ್ಳಲ್ಲ, ನಮ್ಮ ಊರುಗಳಲ್ಲಿ ಮೈಕ್ ಯಾರ ಕೈಗೆ ಹೋಗುತ್ತೆ ಅಂತ ನನಗೂ ಗೊತ್ತು. ಆದರೆ ಸಮುದಾಯ ಬಾನುಲಿಗೆ ಒಂದು ವಿಳಾಸ ಇರುತ್ತೆ. ಪ್ರಸಾರ ಆದದ್ದನ್ನೆಲ್ಲ ಮೂರು ತಿಂಗಳು ಇಟ್ಟುಕೊಂಡಿರಬೇಕು ಅಂತ ನಿಯಮವೇ ಇದೆ. ಶಕ್ತಿ 100 ವ್ಯಾಟ್, ಕೇಳೋದು ಹತ್ತು ಹದಿನೈದು ಕಿಲೋಮೀಟರ್, ಅಂದರೆ ಮಾತಾಡಿದವನು ನಾಳೆ ಸಂತೆಯಲ್ಲಿ ಕೇಳಿದವನ ಎದುರಿಗೇ ಬರಬೇಕು. ವಾಟ್ಸಾಪ್‌ನಲ್ಲಿ ಹೆಸರಿಲ್ಲದೆ ಓಡಾಡುವ ಮಾತಿಗಿಂತ ಇದು ಎಷ್ಟೋ ಮೇಲು ಅಲ್ವಾ? ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಟಿವಿಯಲ್ಲಿ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ರಾಜಕೀಯ ಕೂಗಬಹುದಾದರೆ, ಆಲೂರಿನಲ್ಲೋ ಮೂಡಿಗೆರೆಯಲ್ಲೋ ಆನೆ ತುಳಿದ ಗದ್ದೆಯವರು, ಲೈನ್ ಮನೆಯಲ್ಲಿರೋ ತೋಟದ ಕೆಲಸದವರು ತಮ್ಮ ರೇಡಿಯೋದಲ್ಲಿ ಸಮಾಧಾನವಾಗಿ ಕೂತು ಯಾಕೆ ಮಾತಾಡಬಾರದು?

ಪದಗಳು ಪ್ರಸಾರ ಆದವು. ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಮ್ಮಪ್ಪಂದು ಬಂತಾ?" ಅಂದರು. ಇಲ್ಲ ಅನ್ನೋಕೆ ಬಹಳ ಕಷ್ಟ ಆಯ್ತು.

ಗೊರೂರು, ಶೆಟ್ಟಿಹಳ್ಳಿ ಸುತ್ತಮುತ್ತಲಿನವರು ಇದನ್ನು ಓದುತ್ತಿದ್ದರೆ ಒಂದು ಕೇಳ್ತೀನಿ. ಮುಳುಗಡೆ ಊರಿನ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಕೂತು ರೆಕಾರ್ಡ್ ಮಾಡಿ. ಪದ ಮುಗಿಯಿತು ಅಂತ ಫೋನ್ ಆಫ್ ಮಾಡಬೇಡಿ, ಹಾಗೇ ಬಿಟ್ಟಿರಿ.