ಆ 'ಅತಿ ಹಳೆಯ ಗ್ಯಾಲಕ್ಸಿ' ಮೆಸೇಜು ತಪ್ಪು

"ಬಿಗ್ ಬ್ಯಾಂಗ್ ಆಗಿ ಬರೀ 24 ಕೋಟಿ ವರ್ಷಕ್ಕೇ ಇದ್ದ ಗ್ಯಾಲಕ್ಸಿಯನ್ನು ವೆಬ್ ದೂರದರ್ಶಕ ಕಂಡಿದೆ" ಎಂಬ ಮೆಸೇಜು, ಕೆಂಪು ಚುಕ್ಕೆಯ ಫೋಟೋ ಸಮೇತ, ಮತ್ತೆ ಓಡಾಡುತ್ತಿದೆ. 2022ರಲ್ಲಿ ನಾನೂ ಹಂಚಿದ್ದೆ. ಅದು ತಪ್ಪು.

ಆ ಚುಕ್ಕೆಯ ಹೆಸರು ಸೀರ್ಸ್-93316. ಆಗ ಬೇರೆ ಬೇರೆ ಫಿಲ್ಟರ್‌ನಲ್ಲಿ ಕಂಡ ಬಣ್ಣ ನೋಡಿ ದೂರ ಅಂದಾಜು ಮಾಡಿದ್ದರು. ಕೆಂಪುಪಲ್ಲಟ (ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಎಂಬ ಅಳತೆ; ಹೆಚ್ಚಿದ್ದಷ್ಟೂ ದೂರದ್ದು, ಹಳೇ ಕಾಲದ್ದು) 16ರ ಆಸುಪಾಸು ಬಂದಿತ್ತು. 2023ರಲ್ಲಿ ಬೆಳಕನ್ನು ಬಿಡಿಸಿ ರೋಹಿತ ತೆಗೆದಾಗ ಸಿಕ್ಕಿದ್ದು 4.9. ಅಂದರೆ ಬಿಗ್ ಬ್ಯಾಂಗ್ ಆದ ಸುಮಾರು 120 ಕೋಟಿ ವರ್ಷದ ನಂತರದ್ದು. ಹೈಡ್ರೋಜನ್, ಆಮ್ಲಜನಕದ ಹೊಳಪುಗೆರೆಗಳು (ಆ ಅನಿಲಗಳು ನಿರ್ದಿಷ್ಟ ಬಣ್ಣದಲ್ಲಷ್ಟೇ ಸೂಸುವ ಜೋರು ಬೆಳಕು) ಸರಿಯಾಗಿ ಫಿಲ್ಟರ್‌ಗಳೊಳಗೇ ಬಿದ್ದು ಎಲ್ಲರನ್ನೂ ಏಮಾರಿಸಿದ್ದವು!

ಹಾಗಂತ ಹುಡುಕಾಟ ಸುಮ್ನೆ ಅಲ್ಲ. ಜೇಡ್ಸ್-ಜಿಎಸ್-ಜೆಡ್14-0 ಎಂಬ ಇನ್ನೊಂದು ಗ್ಯಾಲಕ್ಸಿ ಬಿಗ್ ಬ್ಯಾಂಗ್ ಆದ ಸುಮಾರು 30 ಕೋಟಿ ವರ್ಷದ ನಂತರದ್ದೆಂದು ರೋಹಿತದಲ್ಲೇ ಖಚಿತವಾಗಿದೆ. ಹಳೇ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.