ಹಳ್ಳದ ಹಳದಿ ಹೂವು ಕಾಡು ಸಾಸಿವೆಯಲ್ಲ

ಗೋಕಾಕ ಕಡೆಯ ಹಳ್ಳದ ದಂಡೆಯದು ಎನ್ನುವ ಒಂದು ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. "ಇದು ಕಾಡು ಸಾಸಿವೆ, ಎಲೆ ಕೊಯ್ದು ಪಲ್ಯ ಮಾಡಿ" ಅಂತ ಕೆಳಗೆ ಬರೆದಿದ್ದಾರೆ. ತಪ್ಪು. ಅದು ಲುಡ್ವಿಜಿಯಾ ಆಕ್ಟೊವಾಲ್ವಿಸ್ ಎನ್ನುವ ಬೇರೆಯೇ ಗಿಡ. ಬೆಳಗಾವಿಯ ಮರಾಠಿ ಮಾತಾಡುವವರಿಗೆ ಪಾಣಲವಂಗ ಅಂದರೆ ಗೊತ್ತಾದೀತು.

ಎರಡಕ್ಕೂ ನಾಲ್ಕೇ ಹಳದಿ ಎಸಳು. ಗೊಂದಲ ಆಗುವುದು ಸಹಜ ಅಲ್ವಾ? ಆದರೆ ಹೂವನ್ನು ತಿರುಗಿಸಿ ನೋಡಿ. ಸಾಸಿವೆ ಕಾಯಿ ಹೂವಿನ ನಡುವಿನಿಂದ ಮೇಲಕ್ಕೆ ಬೆಳೆಯುತ್ತದೆ. ಇದರಲ್ಲಿ ಕಾಯಿ ಎಸಳಿನ ಕೆಳಗೆ, ದಪ್ಪ ತೊಟ್ಟಿನ ಹಾಗೆ ಇರುತ್ತದೆ. ಎಸಳು ಸುಮ್ನೆ ಮುಟ್ಟಿದರೂ ಉದುರುತ್ತದೆ, ಆದರೆ ಎಸಳಿನ ಹೊರಗಿನ ನಾಲ್ಕು ಹಸಿರು ಪುಷ್ಪಪತ್ರ ಕಾಯಿಯ ತುದಿಯಲ್ಲೇ ಉಳಿಯುತ್ತವೆ. ಥೇಟ್ ಲವಂಗ! ಕೇಸರ ಎಣಿಸಿ: ಇದಕ್ಕೆ 8, ಸಾಸಿವೆಗೆ 6. ಎಲೆಯೂ ಬೇರೆ. ಇದರದು ಉದ್ದ, ಚೂಪು, ಅಂಚು ಸೀಳಿರುವುದಿಲ್ಲ.

ಗುರುತೇ ತಪ್ಪಿದ ಮೇಲೆ ಪಲ್ಯದ ಮಾತು ಬೇಡ. ಹಳ್ಳಕ್ಕೆ ಊರಿನ ಚರಂಡಿ ನೀರು ಸೇರುವ ಕಡೆಯಂತೂ ಯಾವ ಸೊಪ್ಪನ್ನೂ ಕೊಯ್ಯಬೇಡಿ. ಆ ಫೋಟೊ ಕಳಿಸಿದವರು ದಯವಿಟ್ಟು ಅದೇ ಗ್ರೂಪಿಗೆ ಇದನ್ನೂ ಕಳಿಸಿ.